ಸಣ್ಣ ವಿಮಾನ ಇಳಿಸುವಾಗ ತಪ್ಪುವುದು ಎಲ್ಲಿ? ಹುಬ್ಬಳ್ಳಿ-ಧಾರವಾಡದ ಕಡೆ ಹಾರುವವರಿಗೆ

ಬೆಳಗಾವಿಯ ಸಾಂಬ್ರಾದಲ್ಲೋ ಬೆಂಗಳೂರಿನ ಜಕ್ಕೂರಿನಲ್ಲೋ ಹಾರಲು ಕಲಿಯುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾರೆ. ಅವರ ಅಪ್ಪ-ಅಮ್ಮಂದಿರೂ ಅದನ್ನೇ ಕೇಳುತ್ತಾರೆ. "ಇಳಿಸುವಾಗಲೇ ಯಾಕೆ ಇಷ್ಟು ಅಪಘಾತ? ತಪ್ಪಿಸೋದು ಹೇಗೆ?"

ಸಣ್ಣ ವಿಮಾನಗಳ ಅಪಘಾತಗಳಲ್ಲಿ ಇಳಿಯುವಾಗ ಆಗುವವೇ ಜಾಸ್ತಿ, ನಿಜ. ಬಹಳ ಸಲ ಮುರಿಯುವುದು ಮೂಗಿನ ಗಾಲಿ, ಪ್ರೊಪೆಲ್ಲರ್, ರೆಕ್ಕೆಯ ತುದಿ. ಜನ ನಡೆದುಕೊಂಡೇ ಹೊರಗೆ ಬರುತ್ತಾರೆ. ಜೀವ ತೆಗೆಯುವ ತಪ್ಪುಗಳು ಕೆಲವೇ. ಆದರೆ ಎಲ್ಲದರಲ್ಲೂ ಒಂದು ಮಾತು ಸಮ. ಗಾಲಿ ನೆಲಕ್ಕೆ ಬಡಿದಾಗ ಕಣ್ಣಿಗೆ ಬೀಳುವ ತಪ್ಪು ಅದಕ್ಕೂ ಎರಡು ಮೂರು ನಿಮಿಷ ಮೊದಲೇ ಶುರುವಾಗಿರುತ್ತದೆ. ಅದಕ್ಕೇ ಈ ಲೇಖನ ರನ್‌ವೇಯಿಂದ ಅಲ್ಲ, ಮನೆಯಿಂದ ಶುರುವಾಗುತ್ತದೆ.

ಇಲ್ಲಿರುವ ವೇಗದ ಅಂಕಿಗಳು ಸೆಸ್ನಾ 172ಎಸ್ ವಿಮಾನದವು. ನಿಮ್ಮ ವಿಮಾನ ಬೇರೆಯಾದರೆ ಅದರ ಕೈಪಿಡಿಯೇ ಕೊನೆಯ ಮಾತು. ಇದನ್ನು ಓದಿ, ನಿಮ್ಮ ಶಿಕ್ಷಕರ ಜೊತೆ ಕೂತು ಮಾತಾಡಿ, ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅಭ್ಯಾಸ ಮಾಡಿ.

ಹಂತ 1: ಹೊರಡುವ ಮೊದಲೇ ಬಿಸಿಲಿನ ಲೆಕ್ಕ ಹಾಕಿ

ಹುಬ್ಬಳ್ಳಿ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಿದ್ದರೆ ಗಾಳಿ ಇನ್ನೂ ತೆಳ್ಳಗಾಗುತ್ತದೆ. ಆಗ ವಿಮಾನದ ಪಾಲಿಗೆ ಅದು ಸುಮಾರು 5,400 ಅಡಿ ಎತ್ತರದ ಜಾಗ. ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಅಂದರೆ ಗಾಳಿ ಎಷ್ಟು ತೆಳ್ಳಗಿದೆ ಅನ್ನುವುದನ್ನು ಎತ್ತರದ ಲೆಕ್ಕದಲ್ಲಿ ಹೇಳುವುದು.

ಇದರ ಪರಿಣಾಮ ಏನು? ವೇಗದ ಮೀಟರ್ 65 ನಾಟ್ ತೋರಿಸುತ್ತಿರುವಾಗ ವಿಮಾನ ನಿಜವಾಗಿ 70 ನಾಟ್‌ನಲ್ಲಿ ಓಡುತ್ತಿರುತ್ತದೆ. (ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್.) ನೆಲ ಜೋರಾಗಿ ಹಿಂದೆ ಸರಿದಂತೆ ಕಾಣುತ್ತದೆ. ಹೊಸಬರು ಇದನ್ನು ನೋಡಿ "ವೇಗ ಜಾಸ್ತಿ ಆಯ್ತು" ಅಂದುಕೊಂಡು ಮೂಗು ಎತ್ತಿ ನಿಧಾನ ಮಾಡುತ್ತಾರೆ. ಹಾಗೆ ಮಾಡಬೇಡಿ. ರೆಕ್ಕೆಗೆ ಬೇಕಾದದ್ದು ಮೀಟರ್ ತೋರಿಸುವ ವೇಗ, ಕಣ್ಣಿಗೆ ಕಾಣುವ ವೇಗ ಅಲ್ಲ. ಮೀಟರ್ ವೇಗ ಎಲ್ಲ ಊರಿನಲ್ಲೂ ಒಂದೇ. ಬದಲಾಗುವುದು ನಿಲ್ಲಲು ಬೇಕಾದ ದೂರ.

ಹುಬ್ಬಳ್ಳಿಯ ರನ್‌ವೇ 2,600 ಮೀಟರ್ ಉದ್ದ, 45 ಮೀಟರ್ ಅಗಲ. ಸೆಸ್ನಾಗೆ ಇದು ಬಯಲಿದ್ದ ಹಾಗೆ. ಸಮಸ್ಯೆಯೂ ಅಲ್ಲೇ ಇದೆ. ಇಲ್ಲಿ ಅರ್ಧ ರನ್‌ವೇ ತೇಲಿಕೊಂಡು ಹೋಗಿ ಮುಟ್ಟಿದರೂ ಏನೂ ಆಗುವುದಿಲ್ಲ. ಅದೇ ರೂಢಿ ಸಣ್ಣ ನಿಲ್ದಾಣಕ್ಕೆ ಹೋದ ದಿನ ಬೇಲಿಗೆ ಹೊಡೆಸುತ್ತದೆ. ಎಷ್ಟೇ ಉದ್ದದ ರನ್‌ವೇ ಇರಲಿ, "ಇಲ್ಲೇ ಮುಟ್ಟಬೇಕು" ಅಂತ ಒಂದು ಗುರುತು ಇಟ್ಟುಕೊಳ್ಳಿ. ಅದನ್ನು ದಾಟಿ ಎಷ್ಟು ದೂರ ಹೋದಿರಿ ಅಂತ ಪ್ರತಿ ಸಲ ಬರೆದಿಡಿ.

ಅಗಲವೂ ಕಣ್ಣಿಗೆ ಮೋಸ ಮಾಡುತ್ತದೆ. ಕಿರಿದಾದ ರನ್‌ವೇಯಲ್ಲಿ ಕಲಿತವರಿಗೆ ಅಗಲ ರನ್‌ವೇ ಹತ್ತಿರ ಬಂದಂತೆ ಕಾಣುತ್ತದೆ. ಇನ್ನೂ ಎತ್ತರದಲ್ಲಿರುವಾಗಲೇ ಮೂಗು ಎತ್ತಿಬಿಡುತ್ತಾರೆ. ವಿಮಾನ ಮೇಲಿಂದ ಧೊಪ್ಪನೆ ಬೀಳುತ್ತದೆ.

ಹಂತ 2: ಗಾಳಿಯನ್ನು ಭಾಗ ಮಾಡಿ ನೋಡಿ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈರುತ್ಯದ ಗಾಳಿ ಜೋರು. ಕಪ್ಪತಗುಡ್ಡದ ಸುತ್ತ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಹುಬ್ಬಳ್ಳಿಯ ರನ್‌ವೇ 08-26. ಅಂದರೆ ಒಂದು ತುದಿಯಿಂದ ಇಳಿದರೆ ಮುಖ ಸುಮಾರು 80 ಡಿಗ್ರಿ ದಿಕ್ಕಿಗೆ, ಇನ್ನೊಂದರಿಂದ 260 ಡಿಗ್ರಿಗೆ. ಮಳೆಗಾಲದಲ್ಲಿ ಸಾಮಾನ್ಯವಾಗಿ 26ರ ಕಡೆಯೇ ಗಾಳಿಗೆ ಮುಖ ಮಾಡಿದಂತಾಗುತ್ತದೆ.

ಟವರಿನವರು "ಗಾಳಿ 230 ಡಿಗ್ರಿ, 15 ನಾಟ್" ಅಂದರು ಅಂದುಕೊಳ್ಳಿ. ರನ್‌ವೇಗೂ ಗಾಳಿಗೂ 30 ಡಿಗ್ರಿ ವ್ಯತ್ಯಾಸ. ತಲೆಯಲ್ಲೇ ಲೆಕ್ಕ ಹಾಕಲು ಮೂರು ಅಂಕಿ ಸಾಕು. 30 ಡಿಗ್ರಿ ಇದ್ದರೆ ಗಾಳಿಯ ಅರ್ಧ ಭಾಗ ಅಡ್ಡ ಬೀಸುತ್ತದೆ. 45 ಇದ್ದರೆ ಹತ್ತರಲ್ಲಿ ಏಳು ಪಾಲು. 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಇಲ್ಲಿ ಅಡ್ಡಗಾಳಿ ಏಳೂವರೆ ನಾಟ್.

172ರ ಕೈಪಿಡಿಯಲ್ಲಿ 15 ನಾಟ್ ಅಡ್ಡಗಾಳಿ ಅಂತ ಇದೆ, ಅದಕ್ಕಿಂತ ಸಣ್ಣ ಸೆಸ್ನಾ 152ರಲ್ಲಿ 12. ಇದು ಪರೀಕ್ಷೆ ಮಾಡಿದ ಪೈಲಟ್ ಇಳಿಸಿ ತೋರಿಸಿದ ಅಂಕಿ. ನಿಮ್ಮ ಅಂಕಿ ಅಲ್ಲ. ಒಬ್ಬರೇ ಹಾರಲು ಶುರು ಮಾಡಿದವರು ಐದಾರು ನಾಟ್‌ಗೆ ಗೆರೆ ಎಳೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಅನುಭವ ಬಂದ ಹಾಗೆ ಶಿಕ್ಷಕರ ಜೊತೆ ಆ ಗೆರೆಯನ್ನು ಸರಿಸುತ್ತಾ ಹೋಗಿ.

ಬೆನ್ನಿನ ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಳಿಯುವ ವೇಗದ ಹತ್ತನೇ ಒಂದು ಪಾಲು ಬೆನ್ನಗಾಳಿ ಇದ್ದರೂ, ಅಂದರೆ ಬರೀ ಆರು ನಾಟ್ ಇದ್ದರೂ, ನಿಲ್ಲುವ ದೂರ ಶೇಕಡಾ 21ರಷ್ಟು ಬೆಳೆಯುತ್ತದೆ.

ಹಂತ 3: ಡೌನ್‌ವಿಂಡ್‌ನಲ್ಲಿ ಬಾಯಿ ಬಿಟ್ಟು ಹೇಳಿಕೊಳ್ಳಿ

ಡೌನ್‌ವಿಂಡ್ ಅಂದರೆ ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ಉಲ್ಟಾ ಹಾರುವ ಭಾಗ. ಇಲ್ಲೇ ತಪಾಸಣೆ ಮುಗಿಸಬೇಕು: ಇಂಧನ, ಗಾಲಿ, ಮಿಕ್ಸ್ಚರ್ (ಎಂಜಿನ್‌ಗೆ ಹೋಗುವ ಇಂಧನ-ಗಾಳಿಯ ಬೆರಕೆ), ಪ್ರೊಪೆಲ್ಲರ್, ಬೆಲ್ಟು. ಗಾಲಿ ಒಳಗೆ ಮಡಚಿಕೊಳ್ಳುವ ವಿಮಾನವಾದರೆ ರನ್‌ವೇಯ ನೇರಕ್ಕೆ ಬಂದ ಮೇಲೆ, ಅಂದರೆ ಫೈನಲ್‌ನಲ್ಲಿ, ಇನ್ನೊಮ್ಮೆ ಗಾಲಿಯ ದೀಪ ನೋಡಿ, ಬೆರಳಿಟ್ಟು ತೋರಿಸಿ, ಜೋರಾಗಿ ಹೇಳಿ. ಗಾಲಿ ಬಿಡದೆ ಹೊಟ್ಟೆಯ ಮೇಲೆ ಇಳಿಸಿದವರಲ್ಲಿ ಸಾವಿರಾರು ಗಂಟೆ ಹಾರಿದವರೂ ಇದ್ದಾರೆ. ರೇಡಿಯೊದಲ್ಲಿ ಮಾತು ಬಂತು, ಪಕ್ಕದವರು ಏನೋ ಕೇಳಿದರು, ತಪಾಸಣೆ ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು ಮಾಡಿ.

ಕಾರ್ಬ್ಯುರೇಟರ್ (ಇಂಧನವನ್ನು ಗಾಳಿಗೆ ಬೆರೆಸುವ ಭಾಗ) ಇರುವ ಹಳೆಯ ಎಂಜಿನ್ ಹಾರಿಸುವವರಿಗೆ ಧಾರವಾಡದ ಜಿಟಿಜಿಟಿ ಮಳೆ ಒಂದು ಬಲೆ. ಹೊರಗೆ 22 ಡಿಗ್ರಿ, ಮಂಜುಗಡ್ಡೆ ಕಟ್ಟುವ ಚಳಿಯಲ್ಲ ಅನಿಸುತ್ತದೆ. ಆದರೆ ತೇವ ತುಂಬಿದ ಗಾಳಿ ಕಾರ್ಬ್ಯುರೇಟರ್ ಒಳಗೆ ಹೋದಾಗ ಅಲ್ಲಿ ಉಷ್ಣತೆ ಧಡಕ್ಕನೆ ಇಳಿಯುತ್ತದೆ, ಮಂಜುಗಡ್ಡೆ ಕಟ್ಟುತ್ತದೆ. ಥ್ರಾಟಲ್ (ಎಂಜಿನ್ ಪವರ್‌ನ ಹಿಡಿಕೆ) ಕಡಿಮೆ ಮಾಡಿದಾಗ ಇದರ ಅಪಾಯ ಇನ್ನೂ ಜಾಸ್ತಿ. ಅದಕ್ಕೇ ಪವರ್ ಇಳಿಸುವ ಮೊದಲೇ ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಗುಂಡಿ, ಎಳೆಯಿರಿ.

ದೊಡ್ಡ ವಿಮಾನದ ಹಿಂದೆ ಇಳಿಯುತ್ತಿದ್ದೀರಾ? ಅದರ ರೆಕ್ಕೆಯ ತುದಿಯಿಂದ ಏಳುವ ಗಾಳಿಸುಳಿ ಕೆಲವು ನಿಮಿಷ ಹಾಗೇ ಇದ್ದು ಕೆಳಕ್ಕೆ ಇಳಿಯುತ್ತದೆ. ಅದರ ಹಾದಿಗಿಂತ ಮೇಲೆಯೇ ಇರಿ, ಅದು ಗಾಲಿ ಮುಟ್ಟಿಸಿದ ಜಾಗದಿಂದ ಮುಂದೆ ಮುಟ್ಟಿಸಿ.

ಹಂತ 4: ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ

ಜೀವ ತೆಗೆಯುವ ತಪ್ಪುಗಳಲ್ಲಿ ಒಂದು ಆಗುವುದು ಈ ತಿರುವಿನಲ್ಲಿ. ನಿಧಾನವಾಗಿ ಓದಿ.

ಬೇಸ್ ಅಂದರೆ ರನ್‌ವೇಗೆ ಅಡ್ಡವಾಗಿ ಹಾರುವ ಭಾಗ. ಅಲ್ಲಿಂದ 90 ಡಿಗ್ರಿ ತಿರುಗಿದರೆ ಫೈನಲ್, ಅಂದರೆ ರನ್‌ವೇಯ ನೇರಕ್ಕೆ. ಹುಬ್ಬಳ್ಳಿಯ 26ಕ್ಕೆ ಎಡಗೈ ಸುತ್ತು ಹಾಕಿ ಬರುತ್ತಿದ್ದೀರಿ, ಗಾಳಿ ನೈರುತ್ಯದ್ದು ಅಂದುಕೊಳ್ಳಿ. ನೀವು ರನ್‌ವೇಯ ದಕ್ಷಿಣಕ್ಕಿದ್ದೀರಿ. ಬೇಸ್‌ನಲ್ಲಿ ಮುಖ ಉತ್ತರಕ್ಕೆ. ಗಾಳಿ ಬೆನ್ನಿಗೆ ಬಂತು. ರನ್‌ವೇಯ ನೇರ ನೀವು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ, ತಿರುಗುವಷ್ಟರಲ್ಲಿ ದಾಟಿಯೇ ಹೋಗಿರುತ್ತೀರಿ.

ಈಗ ಮನಸ್ಸು ಹೇಳುತ್ತದೆ, "ಇನ್ನಷ್ಟು ಎಡಕ್ಕೆ ಎಳಿ." ರೆಕ್ಕೆ ಜಾಸ್ತಿ ವಾಲಿಸಲು ಭಯ, ನೆಲ ಹತ್ತಿರ ಇದೆ. ಅದಕ್ಕೆ ಎಡಗಾಲು ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಒತ್ತುತ್ತದೆ, ಮೂಗು ರನ್‌ವೇ ಕಡೆ ತಿರುಗಲಿ ಅಂತ. ಮೂಗು ಕೆಳಗಿಳಿಯುತ್ತದೆ, ಕೈ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎಲ್ಲವೂ ಅರಿವಿಲ್ಲದೆ, ಮೂರು ಸೆಕೆಂಡಿನಲ್ಲಿ. ಆಗ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ. ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ. ರೆಕ್ಕೆ ಗಾಳಿಗೆ ತೀರಾ ಕಡಿದಾಗಿ ನಿಂತು ಎತ್ತುವ ಶಕ್ತಿ ಕಳೆದುಕೊಳ್ಳುವುದು. ವಿಮಾನ ಮಗುಚಿ ಸುತ್ತುತ್ತಾ ಬೀಳುತ್ತದೆ. 500 ಅಡಿಯಲ್ಲಿ ಅದರಿಂದ ಹೊರಬರಲು ಎತ್ತರವೇ ಇಲ್ಲ.

ವಾಲಿದಷ್ಟೂ ಸ್ಟಾಲ್ ವೇಗ ಏರುತ್ತದೆ. ಫ್ಲಾಪ್ (ನಿಧಾನ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಇಳಿಸದೆ ನೇರ ಹಾರುವಾಗ 48 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ 57ಕ್ಕೆ ಆಗುತ್ತದೆ. 60 ಡಿಗ್ರಿ ವಾಲಿದರೆ 68ಕ್ಕೆ. ನೀವು ಹಾರುತ್ತಿರುವುದು ಅಷ್ಟೇ ವೇಗದಲ್ಲಿ ಅಲ್ವಾ?

ಮಾಡಬೇಕಾದದ್ದು ಸರಳ. ಈ ತಿರುವಿನಲ್ಲಿ 30 ಡಿಗ್ರಿಗಿಂತ ಜಾಸ್ತಿ ವಾಲಬೇಡಿ. ಬೆನ್ನಗಾಳಿ ಇದ್ದ ದಿನ ತಿರುವನ್ನು ಬೇಗ ಶುರು ಮಾಡಿ. ದಾಟಿಹೋಯಿತಾ, ಬಿಟ್ಟುಬಿಡಿ. ರೆಕ್ಕೆ ಸಮ ಮಾಡಿ, ಪವರ್ ಕೊಟ್ಟು ಮೇಲೆ ಹೋಗಿ, ಇನ್ನೊಂದು ಸುತ್ತು ಬನ್ನಿ. ಒಂದು ಸುತ್ತಿಗೆ ಆರೇಳು ನಿಮಿಷ ಹಿಡಿಯಬಹುದು.

ಹಂತ 5: 500 ಅಡಿಯಲ್ಲಿ ಒಂದು ಪ್ರಶ್ನೆ

ಫೈನಲ್‌ನಲ್ಲಿ ನೆಲದಿಂದ 500 ಅಡಿ ಇರುವಾಗ ನಿಮ್ಮನ್ನೇ ಕೇಳಿಕೊಳ್ಳಿ: ವೇಗ ಸರಿ ಇದೆಯೇ, ನೇರ ಸರಿ ಇದೆಯೇ, ಇಳಿಜಾರು ಸರಿ ಇದೆಯೇ? ಮೂರಕ್ಕೂ ಹೌದು ಅಂದರೆ ಮುಂದೆ. ಒಂದಕ್ಕೆ ಇಲ್ಲ ಅಂದರೂ ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೆ ಏರುವುದು.

ವೇಗ ಪೂರ್ತಿ ಫ್ಲಾಪ್ ಇದ್ದಾಗ 60ರಿಂದ 70 ನಾಟ್. ಗಾಳಿ ಇಲ್ಲದ ದಿನ ನಿಮಿಷಕ್ಕೆ ಸುಮಾರು 325 ಅಡಿ ಇಳಿದರೆ ಮೂರು ಡಿಗ್ರಿ ಇಳಿಜಾರು ಸಿಗುತ್ತದೆ. ರನ್‌ವೇ ಪಕ್ಕದಲ್ಲಿ ಪ್ಯಾಪಿ, ಅಂದರೆ ಇಳಿಜಾರು ಸರಿಯೋ ಇಲ್ಲವೋ ತೋರಿಸುವ ನಾಲ್ಕು ದೀಪ, ಇದ್ದರೆ ಎರಡು ಬಿಳಿ, ಎರಡು ಕೆಂಪು ಕಾಣಬೇಕು. ನಾಲ್ಕೂ ಕೆಂಪು ಅಂದರೆ ತೀರಾ ಕೆಳಗಿದ್ದೀರಿ.

ಗೋ ಅರೌಂಡ್ ಮಾಡಿದವರೇ ಅಪಘಾತಕ್ಕೆ ಸಿಕ್ಕಿದ್ದೂ ಇದೆ. ಅದಕ್ಕೆ ಕ್ರಮ ಗೊತ್ತಿರಬೇಕು. ಥ್ರಾಟಲ್ ಪೂರ್ತಿ ಮುಂದೆ, ಕಾರ್ಬ್ ಹೀಟ್ ಇರುವ ವಿಮಾನವಾದರೆ ಅದು ಒಳಗೆ. ಮೂಗು ತಾನಾಗಿ ಮೇಲೆ ಏಳುತ್ತದೆ, ಅದನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಲಗಾಲು ರಡ್ಡರ್. ಫ್ಲಾಪ್ 20 ಡಿಗ್ರಿಗೆ ತನ್ನಿ. 60 ನಾಟ್‌ನಲ್ಲಿ ಏರಿ. ಎತ್ತರ ಸಿಕ್ಕ ಮೇಲೆ 10, ಆಮೇಲೆ ಸೊನ್ನೆ. ಟವರಿಗೆ ಹೇಳುವುದು ಇದೆಲ್ಲ ಆದ ಮೇಲೆ. ಫ್ಲಾಪನ್ನು ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಏರುವ ವೇಗವೇ ಕಡಿಮೆ, ಆದ್ದರಿಂದ ತೀರ್ಮಾನ ಬೇಗ ಮಾಡಿ.

ಹಿಂದೆ ಕೂತ ಮಾವನೋ ಗೆಳೆಯನೋ "ಯಾಕೆ ಇಳಿಸಲಿಲ್ಲ?" ಅಂತ ಕೇಳುತ್ತಾರೆ. ಹತ್ತುವ ಮೊದಲೇ ಅವರಿಗೆ ಹೇಳಿಬಿಡಿ, ಕೆಲವು ಸಲ ಎರಡನೇ ಸುತ್ತು ಹಾಕುತ್ತೇವೆ ಅಂತ. ನಾಚಿಕೆಗೆ ಬಿದ್ದು ಇಳಿಸಿದ ಇಳಿತಗಳು ಬಹಳ ವಿಮಾನ ಮುರಿದಿವೆ.

ಹಂತ 6: ಫ್ಲೇರ್, ಪುಟಿತ

ಫ್ಲೇರ್ ಅಂದರೆ ನೆಲದ ಹತ್ತಿರ ಬಂದಾಗ ಮೂಗನ್ನು ನಿಧಾನ ಎತ್ತಿ ಇಳಿತವನ್ನು ಮೆತ್ತಗೆ ಮಾಡುವುದು. ಒಂದಂತಸ್ತಿನ ಮನೆಯ ಮಾಳಿಗೆಗಿಂತ ತುಸು ಮೇಲೆ ಇದ್ದಾಗ ಶುರು ಮಾಡಿ. ಕಣ್ಣು ರನ್‌ವೇಯ ಆ ತುದಿಯಲ್ಲಿರಲಿ. ಮೂಗಿನ ಕೆಳಗಿನ ನೆಲ ನೋಡಿದರೆ ಎತ್ತರದ ಅಂದಾಜು ಸಿಗುವುದಿಲ್ಲ.

ವೇಗ ಜಾಸ್ತಿ ತಂದಿದ್ದರೆ ವಿಮಾನ ಮುಟ್ಟುವುದೇ ಇಲ್ಲ, ತೇಲುತ್ತದೆ. ಆಗ ಅದನ್ನು ನೆಲಕ್ಕೆ ಒತ್ತಬೇಡಿ. ಒತ್ತಿದರೆ ಮೂಗಿನ ಗಾಲಿ ಮೊದಲು ಬಡಿಯುತ್ತದೆ, ವಿಮಾನ ಚೆಂಡಿನಂತೆ ಪುಟಿಯುತ್ತದೆ. ಪುಟಿದಾಗ ಮತ್ತೆ ಮೂಗು ಒತ್ತುತ್ತೀರಿ, ಇನ್ನೂ ಜೋರಾಗಿ ಪುಟಿಯುತ್ತದೆ. ಎರಡನೆಯದೋ ಮೂರನೆಯದೋ ಪುಟಿತಕ್ಕೆ ಮೂಗಿನ ಗಾಲಿ ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ. ಕಲಿಯುವ ದಿನಗಳಲ್ಲಿ ನಾನೂ ಹೀಗೆ ಒತ್ತಿದ್ದೆ. ಪಕ್ಕದಲ್ಲಿದ್ದ ಶಿಕ್ಷಕರು ಥ್ರಾಟಲ್ ತಳ್ಳಿ ಮೇಲೆ ಒಯ್ದರು.

ಸಣ್ಣ ಪುಟಿತವಾದರೆ ಮೂಗು ಇದ್ದಲ್ಲೇ ಹಿಡಿದು, ಚೂರು ಪವರ್ ಕೊಟ್ಟು, ಮತ್ತೆ ಮೆತ್ತಗೆ ಇಳಿಸಿ. ದೊಡ್ಡದಾದರೆ ಯೋಚನೆ ಬೇಡ, ಗೋ ಅರೌಂಡ್.

ಹಂತ 7: ಮುಟ್ಟಿದ ಮೇಲೂ ಹಾರಿಸುತ್ತಲೇ ಇರಿ

ಗಾಲಿ ಮುಟ್ಟಿತು ಅಂತ ಕೈಕಾಲು ಸಡಿಲ ಬಿಡುವುದು ತೀರಾ ಸಾಮಾನ್ಯ ತಪ್ಪು. ಅಡ್ಡಗಾಳಿ ಇದ್ದರೆ ವಿಮಾನ ನಿಧಾನವಾದಷ್ಟೂ ಗಾಳಿ ಬರುವ ಕಡೆಗೆ ಏಲರಾನ್ ಜಾಸ್ತಿ ತಿರುಗಿಸುತ್ತಾ ಹೋಗಿ, ಕೊನೆಗೆ ಪೂರ್ತಿ. ಏಲರಾನ್ ಅಂದರೆ ರೆಕ್ಕೆಯನ್ನು ಎತ್ತಿ ಇಳಿಸುವ ಪಟ್ಟಿ. ನೇರ ಹಿಡಿಯುವುದು ರಡ್ಡರ್‌ನಿಂದ. ಬ್ರೇಕ್ ಮೆತ್ತಗೆ, ಎರಡೂ ಕಾಲಿಗೆ ಸಮನಾಗಿ.

ಒದ್ದೆ ರನ್‌ವೇಯಲ್ಲಿ ದೊಡ್ಡ ವಿಮಾನವೂ ಜಾರುತ್ತದೆ. 2015ರ ಮಾರ್ಚ್ 8ರಂದು ಮಳೆಯಲ್ಲಿ ಹುಬ್ಬಳ್ಳಿಗೆ ಇಳಿದ ಪ್ರಯಾಣಿಕರ ಟರ್ಬೊಪ್ರಾಪ್ ವಿಮಾನವೊಂದು ರನ್‌ವೇಯ ಪಕ್ಕಕ್ಕೆ ಹೋಗಿ ಅದರ ಎಡಗಾಲಿ ಕುಸಿಯಿತು. ಎಲ್ಲರೂ ಬದುಕಿದರು. ನಿಲ್ದಾಣದ ಮೇಲೆ ಮಳೆಮೋಡ ನಿಂತಿದ್ದರೆ ಹದಿನೈದು ಇಪ್ಪತ್ತು ನಿಮಿಷ ದೂರದಲ್ಲಿ ಕಾಯುವಷ್ಟು ಇಂಧನ ಇಟ್ಟುಕೊಂಡೇ ಬನ್ನಿ.

ಹಂತ 8: ಎಂಜಿನ್ ನಿಂತರೆ ಯಾವ ಹೊಲ?

2023ರ ಮೇ 30ರಂದು ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಇಬ್ಬರೂ ಬದುಕಿದರು. ನಿಮಗೂ ಅಂಥ ದಿನ ಬರಬಹುದು ಅಂದುಕೊಂಡೇ ಪ್ರತಿ ಸಲ ಕೆಳಗೆ ನೋಡುತ್ತಾ ಹಾರಿ.

ಮೊದಲು 68 ನಾಟ್ ಹಿಡಿಯಿರಿ. ಆ ವೇಗದಲ್ಲಿ 172 ಸಾವಿರ ಅಡಿಗೆ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ತೇಲುತ್ತದೆ. ಎಚ್ಚರಿಕೆ: ಎತ್ತರದ ಮೀಟರ್ ಸಮುದ್ರ ಮಟ್ಟದಿಂದ ಲೆಕ್ಕ ಕೊಡುತ್ತದೆ. ನಮ್ಮ ನೆಲವೇ ಸುಮಾರು 2,000 ಅಡಿ ಎತ್ತರದಲ್ಲಿದೆ. ಮೀಟರ್ 3,000 ಅಂದರೆ ನಿಮ್ಮ ಕೈಯಲ್ಲಿರುವುದು ಒಂದೇ ಸಾವಿರ ಅಡಿ.

ಹೊಲದ ಆಯ್ಕೆಯಲ್ಲಿ ಒಕ್ಕಲುತನ ಗೊತ್ತಿರುವವರಿಗೆ ಅನುಕೂಲ. ನವಲಗುಂದ, ನರಗುಂದ, ರೋಣ ಕಡೆಯ ಎರೆ ಹೊಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಬಿರುಕು ಇದ್ದರೂ ಬದುಕುವಷ್ಟು ಒಳ್ಳೆಯ ಜಾಗ. ಅದೇ ಹೊಲ ಮಳೆ ಬಿದ್ದ ಮೇಲೆ ಗಾಲಿಯನ್ನು ನುಂಗುತ್ತದೆ, ವಿಮಾನ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಮಳೆಗಾಲದಲ್ಲಿ ಮಸಾರಿ ಹೊಲ, ಹುಲ್ಲು ಬೆಳೆದ ಗಟ್ಟಿ ಬೀಳು ನೆಲ ನೋಡಿ. ಹಿಂಗಾರಿಯಲ್ಲಿ ಕಡಲೆ ಹೊಲ ಒಳ್ಳೆಯದು, ಬೆಳೆ ಗಿಡ್ಡ. ಬಿಳಿಜೋಳ ಆಳೆತ್ತರ ಬೆಳೆದಿದ್ದರೆ, ಹಾವೇರಿ ಕಡೆ ಗೋವಿನಜೋಳ ತೆನೆಗೆ ಬಂದಿದ್ದರೆ, ಮೇಲಿಂದ ಹಸಿರು ಹಾಸಿನಂತೆ ಕಾಣುತ್ತದೆ. ಅದರ ಮೇಲೆ ಇಳಿಸಬೇಕಾದರೆ ತೆನೆಯ ಮೇಲ್ಭಾಗವನ್ನೇ ನೆಲ ಅಂದುಕೊಂಡು ಫ್ಲೇರ್ ಮಾಡಿ. ಕಲಘಟಗಿ, ಅಳ್ನಾವರ, ಹಾನಗಲ್ಲ ಕಡೆ ಭತ್ತದ ಗದ್ದೆಗಳ ಬದು ಹತ್ತಿರ ಹತ್ತಿರ ಇರುತ್ತವೆ. ಅಲ್ಲಿ ಆಯ್ಕೆ ಕಡಿಮೆ, ಹಾಗಾಗಿ ಎತ್ತರ ಜಾಸ್ತಿ ಇಟ್ಟುಕೊಂಡು ಹಾರಿ.

ಸಾಲಿನ ಉದ್ದಕ್ಕೆ ಇಳಿಸಿ, ಅಡ್ಡ ಬೇಡ. ಒಡ್ಡು, ಬಣವೆ, ಕೃಷಿ ಹೊಂಡ ಎಲ್ಲಿವೆ ನೋಡಿ. ವಿದ್ಯುತ್ ತಂತಿ ಮೇಲಿಂದ ಕಾಣುವುದಿಲ್ಲ, ಕಂಬ ಹುಡುಕಿ. ಪಂಪ್‌ಸೆಟ್ ಇದ್ದಲ್ಲಿ ತಂತಿ ಇದ್ದೇ ಇರುತ್ತದೆ. ಹೆದ್ದಾರಿ ನೋಡಿ ಆಸೆ ಪಡಬೇಡಿ. ಅಲ್ಲಿ ಲಾರಿ, ಬೈಕು, ಕಂಬ ಎಲ್ಲ ಇವೆ, ನಿಮ್ಮ ತಪ್ಪಿಗೆ ದಾರಿಹೋಕರು ಸಾಯಬಾರದು.

ಹೊಲ ಖಚಿತವಾದ ಮೇಲೆ ಇಂಧನ ಬಂದ್, ಮಿಕ್ಸ್ಚರ್ ಬಂದ್, ಫ್ಲಾಪ್ ಇಳಿಸಿ ಆದ ಮೇಲೆ ಮಾಸ್ಟರ್ ಸ್ವಿಚ್ ಬಂದ್. ಬೆಲ್ಟು ಬಿಗಿ. ಬಾಗಿಲ ಚಿಲಕ ತೆಗೆದಿಡಿ, ಚೌಕಟ್ಟು ಬಾಗಿದರೆ ಆಮೇಲೆ ತೆರೆಯುವುದಿಲ್ಲ. ಆದಷ್ಟು ನಿಧಾನ ವೇಗದಲ್ಲಿ ಮುಟ್ಟಿಸಿ, ಆದರೆ ಗಾಳಿಯಲ್ಲಿ ಸ್ಟಾಲ್ ಆಗಲು ಬಿಡಬೇಡಿ. 65 ನಾಟ್‌ನಲ್ಲಿ ಬಡಿದರೆ ಹೊಡೆತ 45ಕ್ಕಿಂತ ಎರಡು ಪಟ್ಟು. ಕೊನೆಯಲ್ಲಿ ಬದು ಎದುರಾದರೆ ವಿಮಾನ ಮುರಿಯಲಿ ಬಿಡಿ. ರೆಕ್ಕೆ ಮುರಿದುಕೊಂಡು ನಿಂತ ವಿಮಾನದಿಂದ ಜನ ಹೊರಬರುತ್ತಾರೆ.

ಹಂತ 9: ನಿಂತ ಮೇಲೆ

ಹೊರಗೆ ಬನ್ನಿ, ಗಾಳಿ ಬರುವ ದಿಕ್ಕಿಗೆ ದೂರ ಹೋಗಿ. 112ಕ್ಕೆ ಕರೆ ಮಾಡಿ, ಟವರಿಗೂ ನಿಮ್ಮ ಶಾಲೆಗೂ ತಿಳಿಸಿ. ಅಪಘಾತದ ವಿಷಯ ವಿಮಾನ ಅಪಘಾತ ತನಿಖಾ ಬ್ಯೂರೋಗೆ ಮತ್ತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಹೋಗಲೇಬೇಕು. ಜನರನ್ನು ಉಳಿಸಲು, ಬೆಂಕಿ ತಡೆಯಲು ಬೇಕಾದದ್ದು ಬಿಟ್ಟು ವಿಮಾನವನ್ನು ಸರಿಸಬಾರದು.

ನಮ್ಮ ಹಳ್ಳಿಗಳಲ್ಲಿ ಐದು ನಿಮಿಷದಲ್ಲಿ ಊರಿಗೆ ಊರೇ ಬಂದು ನಿಲ್ಲುತ್ತದೆ. ಒಳಗೆ ಸಿಕ್ಕಿದವರನ್ನು ಹೊರಗೆ ಎಳೆಯುವ ಮೊದಲ ಕೈಗಳೂ ಅವರದ್ದೇ, ಆದ್ದರಿಂದ ಗದರಬೇಡಿ. ಯಾರಾದರೂ ಹಿರಿಯರನ್ನು ಹಿಡಿದು ಮೂರು ಮಾತು ಹೇಳಿ: ಬೀಡಿ ಹಚ್ಚಬೇಡಿ, ಪ್ರೊಪೆಲ್ಲರ್ ಮುಟ್ಟಬೇಡಿ, ಹುಡುಗರನ್ನು ಹತ್ತಿರ ಬಿಡಬೇಡಿ. ಎಂಜಿನ್ ನಿಂತಿದ್ದರೂ ಕೈಯಿಂದ ತಿರುಗಿಸಿದ ಪ್ರೊಪೆಲ್ಲರ್ ಒಮ್ಮೊಮ್ಮೆ ಝಟ್ಟನೆ ಹೊಡೆಯುತ್ತದೆ. ಕೆಲವು ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುತ್ತದೆ. ಅದನ್ನು ಹಾರಿಸುವುದು ರಾಕೆಟ್. ಆ ಎಚ್ಚರಿಕೆಯ ಗುರುತು ಕಂಡ ಕಡೆ ಯಾರೂ ನಿಲ್ಲಬಾರದು, ಏನನ್ನೂ ಕತ್ತರಿಸಬಾರದು.

ಹೊಲದ ಯಜಮಾನರ ಬೆಳೆ ಎಷ್ಟು ಹಾಳಾಗಿದೆ ಅಂತ ಫೋಟೊ ತೆಗೆದಿಡಿ. ಜನ ತುಳಿಯುವ ಮೊದಲೇ ತೆಗೆದರೆ ಅವರಿಗೂ ನಿಮಗೂ ಲೆಕ್ಕ ಸರಿ ಇರುತ್ತದೆ.